ಕಲ್ಯಾಣದ ಶರಣೆಯರು: ನುಡಿ, ನೆನಪು, ರಂಗ

12ನೆಯ ಶತಮಾನದ ಕಲ್ಯಾಣದ (ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಶರಣ ಚಳವಳಿಯಲ್ಲಿ ದುಡಿಯುವ ಹೆಂಗಸರು ತಮ್ಮ ಬದುಕನ್ನೇ ಮುಂದಿಟ್ಟು ಆಡಿದ ವಚನಗಳು ಮತ್ತು ಅವು ಮುಂದೆ ಹಾಡಿಕೆ, ನಾಟಕಗಳಲ್ಲಿ ಉಳಿದುಬಂದ ಬಗೆ ಈ ಬರಹದ ವಿಷಯ. ಚಳವಳಿಯ ಮುಂದಾಳು ಬಸವಣ್ಣ, ದೊರೆ ಬಿಜ್ಜಳ ಇವರ ಕಥೆ ಎಲ್ಲರಿಗೂ ತಿಳಿದದ್ದೇ. ತೊಡಕಿರುವುದು ಶರಣೆಯರ ವಿಷಯದಲ್ಲಿ.

ಮೊದಲನೆಯದು ಹೆಸರಿನ ತೊಡಕು. ಉರಿಲಿಂಗಪೆದ್ದಿ, ಬಾಚಿಕಾಯಕದ ಬಸವಯ್ಯ, ಸಿದ್ಧಬುದ್ಧಯ್ಯ ಈ ಮೂವರ ಪುಣ್ಯಸ್ತ್ರೀಯರೂ ಕಾಳವ್ವೆಯರೇ. ಗಂಡನ ಹೆಸರು ಬಿಟ್ಟರೆ ಇವರನ್ನು ಬೇರೆಬೇರೆಯಾಗಿ ತೋರಿಸಿಕೊಡುವುದು ವಚನದ ಕೊನೆಯ ಮುದ್ರಿಕೆಯಾದ ಅಂಕಿತವೊಂದೇ. 'ಉರಿಲಿಂಗಪೆದ್ದಿಗಳರಸ' ಅಂಕಿತದ ಕಾಳವ್ವೆ ದಲಿತ ಶರಣೆ. ಕುರಿ, ಕೋಳಿ, ಮೀನು ತಿನ್ನುವವರು ಕುಲಜರಾದರೆ ಹಸು ತಿನ್ನುವ ಮಾದಿಗರು ಕೀಳಾದದ್ದು ಹೇಗೆಂದು ಆಕೆ ನೇರವಾಗಿ ಕೇಳಿದ್ದಾಳೆ. ಸೂಳೆ ಸಂಕವ್ವೆಯದು 'ನಿರ್ಲಜ್ಜೇಶ್ವರ' ಅಂಕಿತದ ಒಂದೇ ವಚನ ಉಳಿದಿದೆ. ಒತ್ತೆ ಹಿಡಿಯುವ ಕಸುಬಿನ ಮಾತಿನಲ್ಲೇ ಆಕೆ ತನ್ನ ವ್ರತನಿಷ್ಠೆಯನ್ನು ಸಾರಿದ್ದಾಳೆ, ಕಸುಬನ್ನು ಮುಚ್ಚಿಟ್ಟಿಲ್ಲ. ಕನ್ನಡದಲ್ಲಿ ಇದಕ್ಕಿಂತ ದಿಟ್ಟವಾದ ಆತ್ಮನಿವೇದನೆ ವಿರಳ.

ಎರಡನೆಯದು ಅಕ್ಕಮಹಾದೇವಿಯ ಕಲ್ಯಾಣಪ್ರವೇಶ. ಶರಣರ ಸಭೆಯಾದ ಅನುಭವ ಮಂಟಪದಲ್ಲಿ ಹಿರಿಯ ಶರಣ ಅಲ್ಲಮಪ್ರಭುವಿನೆದುರು ಅಕ್ಕ ನಿಂತು ಉತ್ತರಿಸುವ ಸನ್ನಿವೇಶವನ್ನು ನಾಟಕ, ಪ್ರವಚನಗಳು ಕಣ್ಣಾರೆ ಕಂಡಂತೆ ಹೇಳುತ್ತವೆ. ಆದರೆ ಅಕ್ಕನ ಬಗೆಗಿನ ಹಳೆಯ ಕಾವ್ಯವಾದ ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಆಕೆ ಕಲ್ಯಾಣಕ್ಕೆ ಬರುವುದೇ ಇಲ್ಲ, ಶ್ರೀಶೈಲಕ್ಕೆ ಹೋಗುತ್ತಾಳೆ. ವಚನಗಳನ್ನು ಸಂವಾದವಾಗಿ ಜೋಡಿಸಿ ಈ ಸನ್ನಿವೇಶ ಕಟ್ಟಿದ್ದು 15ನೆಯ ಶತಮಾನದ 'ಶೂನ್ಯಸಂಪಾದನೆ'. ಮೊದಲ ಸಂಕಲನಕಾರ ಶಿವಗಣಪ್ರಸಾದಿ ಮಹಾದೇವಯ್ಯ. ವಚನಗಳು ಅಕ್ಕನವು, ರಂಗಸಜ್ಜಿಕೆ ಸಂಕಲನಕಾರರದು. ಕಾಳವ್ವೆ, ಸಂಕವ್ವೆಯರಿಗೆ ಅಂಥ ರಂಗ ದೊರೆಯಲಿಲ್ಲ.

ಇನ್ನು ಈ ನುಡಿಗಳು ಅಚ್ಚು, ಹಾಡು, ರಂಗಗಳಲ್ಲಿ ಉಳಿದ ಬಗೆ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' (1923) ವಚನಗಳನ್ನು ಅಚ್ಚಿಗೆ ತಂದಿತು. 1993ರಲ್ಲಿ ಸಮಗ್ರ ವಚನ ಸಂಪುಟದ 5ನೆಯ ಸಂಪುಟವನ್ನು ವೀರಣ್ಣ ರಾಜೂರರು ಶಿವಶರಣೆಯರಿಗಾಗಿಯೇ ಸಂಪಾದಿಸಿದ್ದು ನಿಜವಾದ ತಿರುವು. ಮಲ್ಲಿಕಾರ್ಜುನ ಮನಸೂರರ ಗಾಯನ ಅಕ್ಕನ ವಚನಗಳನ್ನು ಮನೆಮನೆಗೆ ಮುಟ್ಟಿಸಿತು. ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಕಲ್ಯಾಣವನ್ನು ರಂಗಕ್ಕೆ ತಂದರೂ ಶರಣೆಯರು ಅವುಗಳ ಕೇಂದ್ರವಲ್ಲ.

ಶರಣೆಯರ ದನಿಯನ್ನು ಓದಲು ದೂರದ ಹೋಲಿಕೆಯೊಂದೂ ನೆರವಾಗುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ಕಪ್ಪು ಸ್ತ್ರೀವಾದಿಗಳ ಕೊಂಬಾಹೀ ರಿವರ್ ಕಲೆಕ್ಟಿವ್ 1977ರ ಹೇಳಿಕೆಯಲ್ಲಿ ವರ್ಣ, ವರ್ಗ, ಲಿಂಗಗಳ ದಬ್ಬಾಳಿಕೆ ಒಂದರೊಳಗೊಂದು ಹೆಣೆದಿದೆ ಎಂದಿತು. ಜಾತಿ, ಕಾಯಕ, ಹೆಣ್ತನಗಳನ್ನು ಒಟ್ಟಿಗೇ ಹೊತ್ತ ಶರಣೆಯರ ವಚನಗಳನ್ನು ಈ ಬೆಳಕಿನಲ್ಲೂ ಓದಬಹುದು. ಕನ್ನಡ ರಂಗದಲ್ಲಿ ದಲಿತ ಸ್ತ್ರೀವಾದಿ ದು. ಸರಸ್ವತಿಯವರ ಏಕವ್ಯಕ್ತಿ ಪ್ರಯೋಗ 'ಸಣ್ತಿಮ್ಮಿ ರಾಮಾಯಣ' ಈ ಬಗೆಯ ಸ್ವಂತ ದನಿಗೆ ಸೇರಿದ್ದು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. ಅಲ್ಲಿ ಕಾಳವ್ವೆ, ಸಂಕವ್ವೆಯರ ವಚನಗಳಿಗೂ ಅಕ್ಕನ ವಚನಗಳಷ್ಟೇ ಎಡೆ ಸಿಗಬೇಕು.