ಗಣಕಯಂತ್ರವೂ ಒಂದು ಸಣ್ಣ ಸೋರಿಕೆಯೂ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸರ್, ನನ್ನ ಕಂಪ್ಯೂಟರ್ ಸೋರುತ್ತಿದೆ" ಎಂದ. ಮಳೆಗಾಲದಲ್ಲಿ ಶಾಲೆಯ ಮಾಡು ಸೋರುವುದನ್ನು ಕಂಡಿದ್ದ ನನಗೆ ಇದು ಹೊಸ ಮಾತು. ವಿಚಾರಿಸಿದಾಗ ತಿಳಿಯಿತು: ಅವನು ತನ್ನ ಗಣಕಯಂತ್ರದ ಪ್ರೊಸೆಸರನ್ನು ತಣ್ಣಗಿಡಲು ನೀರು ಹರಿಯುವ ಕೊಳವೆಗಳನ್ನು ಅಳವಡಿಸಿದ್ದ. ಒಂದು ಚಿಕ್ಕ ಪಂಪು ನೀರನ್ನು ಸುತ್ತಿಸುತ್ತದೆ. ಪ್ರೊಸೆಸರಿನ ಮೇಲೆ ಕುಳಿತ ತಾಮ್ರದ ಬಿಲ್ಲೆಯಿಂದ ಶಾಖವನ್ನು ಹೊತ್ತ ನೀರು ರೇಡಿಯೇಟರಿಗೆ ಹೋಗಿ ತಣಿದು ಮರಳುತ್ತದೆ. ಆದರೆ ಚಿಕ್ಕ ತೊಟ್ಟಿಯಲ್ಲಿನ ನೀರಿನ ಮಟ್ಟ ವಾರವಾರವೂ ಸ್ವಲ್ಪಸ್ವಲ್ಪವೇ ಇಳಿಯುತ್ತಿತ್ತು. ಎಲ್ಲಿಯೂ ಹನಿ ಕಾಣದು. "ಆಗಾಗ ಒಂದಿಷ್ಟು ನೀರು ತುಂಬಿಸಿಕೊಂಡು ಹೋದರೆ ಸಾಲದೇ ಸರ್?" ಎಂಬುದು ಅವನ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವಾಗಿ ನಾನು ಅವನಿಗೆ ಒಂದು ಹಳೆಯ ಕಥೆಯನ್ನು ಹೇಳಿದೆ. ಅದನ್ನೇ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗಣಕಯಂತ್ರಕ್ಕೆ ದ್ರವದ ತಂಪು ಇಂದಿನ ಶೋಕಿಯೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ವಿದ್ಯುತ್ತು ಹರಿದಲ್ಲೆಲ್ಲ ಶಾಖ ಹುಟ್ಟುತ್ತದೆಂಬುದನ್ನು ಹತ್ತನೆಯ ತರಗತಿಯಲ್ಲಿ ನೀವೆಲ್ಲ ಓದಿದ್ದೀರಿ. ಯಂತ್ರ ವೇಗವಾಗಬೇಕಾದರೆ ಬಿಡಿಭಾಗಗಳು ಹತ್ತಿರ ಹತ್ತಿರ ಇರಬೇಕು. ಹತ್ತಿರವಾದಷ್ಟೂ ಕಾವು ಒಂದೆಡೆ ಒಟ್ಟುಗೂಡುತ್ತದೆ. ಒಂದೇ ಗಾತ್ರದ ಗಾಳಿಗೆ ಹೋಲಿಸಿದರೆ, ಅಷ್ಟೇ ಉಷ್ಣತೆಯ ಏರಿಕೆಗೆ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊತ್ತೊಯ್ಯಬಲ್ಲದು. ಆದ್ದರಿಂದಲೇ 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆ ತನ್ನ ದೊಡ್ಡ ಯಂತ್ರಗಳಲ್ಲಿ ನೀರನ್ನು ಬಳಸತೊಡಗಿತ್ತು. 1964ರ ಸಿಡಿಸಿ 6600 ಎಂಬ ಯಂತ್ರವಾದರೋ ಫ್ರಿಜ್ಜಿನಲ್ಲಿರುವಂತೆ ಫ್ರಿಯಾನ್ ಎಂಬ ಶೀತಕದಿಂದ ತಣಿಯುತ್ತಿತ್ತು. ಅದನ್ನು ರೂಪಿಸಿದವನು ಸೀಮೋರ್ ಕ್ರೇ.

ಈ ಕ್ರೇ 1972ರಲ್ಲಿ ಆ ಸಂಸ್ಥೆಯನ್ನು ತೊರೆದು, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ತನ್ನದೇ ಸಂಸ್ಥೆಯನ್ನು ಕಟ್ಟಿದ. ಅಲ್ಲಿ ರೂಪುಗೊಂಡದ್ದೇ ಕ್ರೇ-1. ಅದು ಆ ಕಾಲದ ಜಗತ್ತಿನ ಅತಿ ವೇಗದ ಗಣಕಯಂತ್ರಗಳಲ್ಲಿ ಅಗ್ರಗಣ್ಯವಾಗಲಿತ್ತು. ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿ ನಿಂತ ಹನ್ನೆರಡು ಕಂಬಗಳು; ಸಂಕೇತವು ದೂರ ಸಾಗಿ ತಡವಾಗಬಾರದೆಂದು ಯಾವ ತಂತಿಯೂ ನಾಲ್ಕು ಅಡಿಗಿಂತ ಉದ್ದವಿರದಂತೆ ಜೋಡಣೆ. ಒಟ್ಟು ತೂಕ ಸುಮಾರು ಐದೂವರೆ ಟನ್. ಇದು ನುಂಗುತ್ತಿದ್ದ ವಿದ್ಯುತ್ತು ಸುಮಾರು 115 ಕಿಲೋವ್ಯಾಟ್. ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬರಬೇಕಷ್ಟೆ.

ಈ ಶಾಖವನ್ನು ಹೊರಗೆ ಸಾಗಿಸುವ ಹೊಣೆ ಡೀನ್ ರೌಶ್ ಎಂಬ ಎಂಜಿನಿಯರನದಾಗಿತ್ತು. ಎರಡೆರಡು ಸರ್ಕ್ಯೂಟ್ ಹಲಗೆಗಳ ನಡುವೆ ಒಂದು ತಾಮ್ರದ ತಗಡು. ತಗಡಿನ ಅಂಚುಗಳು ಕಂಬದ ಅಲ್ಯೂಮಿನಿಯಮ್ ಪಟ್ಟಿಗಳಿಗೆ ತಾಗಿರುತ್ತಿದ್ದವು. ಆ ಪಟ್ಟಿಗಳೊಳಗೆ ಹುದುಗಿದ ಸ್ಟೀಲ್ ಕೊಳವೆಗಳಲ್ಲಿ ಫ್ರಿಯಾನ್ ಹರಿಯುತ್ತಿತ್ತು. ಕೊಳವೆಯ ಸುತ್ತ ಅಲ್ಯೂಮಿನಿಯಮ್ಮನ್ನು ಟೊಳ್ಳು ಉಳಿಯದಂತೆ ಎರಕ ಹೊಯ್ಯುವುದೇ ಒಂದು ಸಾಹಸವಾಗಿತ್ತು.

ಮೊದಲ ಯಂತ್ರವನ್ನು ಕಟ್ಟಿದಾಗ ತೊಡಕು ಕಾಣಿಸಿಕೊಂಡಿತು. ಕಂಪ್ರೆಸರ್ ಸವೆಯದಿರಲೆಂದು ಫ್ರಿಯಾನ್ ಜೊತೆಗೆ ಒಂದಿಷ್ಟು ಎಣ್ಣೆಯನ್ನು ಬೆರೆಸಿರುತ್ತಾರೆ. ಈ ಎಣ್ಣೆ ಕೊಳವೆಯ ಸಂದುಗಳಲ್ಲಿ ಅತಿ ನಿಧಾನವಾಗಿ ಜಿನುಗಿ ಹೊರಬರುತ್ತಿತ್ತು. ಯಂತ್ರ ಓಡುತ್ತಿತ್ತು. ಎಣ್ಣೆ ಮಾತ್ರ ಸರ್ಕ್ಯೂಟ್ ಹಲಗೆಗಳ ಮೇಲೆ ತೆಳುವಾಗಿ ಹರಡುತ್ತ ಹರಡುತ್ತ, ಕೊನೆಗೊಂದು ದಿನ ಶಾರ್ಟ್ ಆಗುವಂತೆ ಮಾಡುತ್ತಿತ್ತು. 'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆ ಕೆಡುಕಿಗೂ ಸಲ್ಲುತ್ತದೆ ನೋಡಿ.

ಸಂಸ್ಥೆಯ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ಮಾರಲು ಬೇರೊಂದು ಯಂತ್ರವಿಲ್ಲ. ನಾಲ್ಕು ವರ್ಷಗಳಿಂದ ಖರ್ಚೇ ಹೊರತು ಆದಾಯವಿಲ್ಲ. ಒರೆಸಿ, ಎಣ್ಣೆ ತುಂಬಿ, ಕಳುಹಿಸಿಬಿಡಬಹುದಿತ್ತು. ತೊಂದರೆ ಕಾಣುವುದು ಕೆಲವು ಕಾಲದ ನಂತರ ತಾನೇ! ಅವರು ಹಾಗೆ ಮಾಡಲಿಲ್ಲ. ಕೊಳವೆಗಳನ್ನು ಭದ್ರವಾಗಿ ಮುಚ್ಚಲು ಬೆಸುಗೆಯ ಹೊಸ ವಿಧಾನಗಳನ್ನೇ ಅಳವಡಿಸಿಕೊಂಡರು. ಯಂತ್ರ ಆರು ತಿಂಗಳು ತಡವಾಯಿತು. 1976ರಲ್ಲಿ ಅದು ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಪರೀಕ್ಷೆಗಾಗಿ ಹೋಯಿತು. ಮುಂದಿನ ವರ್ಷ ಅಮೆರಿಕದ ವಾಯುಮಂಡಲ ಸಂಶೋಧನಾ ಕೇಂದ್ರ ಎಂಬತ್ತು ಲಕ್ಷ ಡಾಲರಿಗೂ ಹೆಚ್ಚು ಬೆಲೆ ತೆತ್ತು ಒಂದು ಕ್ರೇ-1ನ್ನು ಕೊಂಡಿತು. ಸಂಸ್ಥೆ ಉಳಿಯಿತು, ಬೆಳೆಯಿತು.

ಸೋರಿಕೆಯ ಭಯವನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಎದುರಿಸಿದರು. ಐಬಿಎಂ 1980ರಲ್ಲಿ ಪ್ರಕಟಿಸಿದ 3081 ಯಂತ್ರದಲ್ಲಿ ನೀರನ್ನು ಚಿಪ್ಪುಗಳ ಬಳಿಗೇ ಬಿಡಲಿಲ್ಲ. ಪ್ರತಿಯೊಂದು ಚಿಪ್ಪಿನ ಬೆನ್ನಿಗೂ ಸ್ಪ್ರಿಂಗಿನಿಂದ ಒತ್ತಿದ ಪುಟ್ಟ ಪಿಸ್ಟನ್ನು ಶಾಖವನ್ನು ಹೀರಿ, ಹೀಲಿಯಮ್ ಅನಿಲ ತುಂಬಿದ ಡಬ್ಬಿಯ ಹೊರಗಿನ ನೀರಿಗೆ ಒಪ್ಪಿಸುತ್ತಿತ್ತು. ಕ್ರೇ 1985ರ ತನ್ನ ಕ್ರೇ-2ರಲ್ಲಿ ಇನ್ನೂ ಮುಂದೆ ಹೋಗಿ, ವಿದ್ಯುತ್ತನ್ನು ಹಾಯಿಸದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಸರ್ಕ್ಯೂಟುಗಳನ್ನೇ ಮುಳುಗಿಸಿಬಿಟ್ಟ. 1990ರ ದಶಕದಲ್ಲಿ ಕಡಿಮೆ ವಿದ್ಯುತ್ತು ಬೇಡುವ ಸೀಮಾಸ್ ಚಿಪ್ಪುಗಳು ಬಂದ ಮೇಲೆ ದೊಡ್ಡ ಯಂತ್ರಗಳೂ ಕೆಲಕಾಲ ಗಾಳಿಗೆ ಮರಳಿದವು. ಚಿಪ್ಪುಗಳು ಮತ್ತೆ ಕಾವೇರಿದಂತೆ ನೀರೂ ಮರಳಿ ಬಂತು. 2010ರಲ್ಲಿ ಜ್ಯೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ ಅಕ್ವಾಸಾರ್ ಎಂಬ ಯಂತ್ರವು ತನ್ನ ಬಿಸಿನೀರಿನಿಂದ ಕಟ್ಟಡವನ್ನು ಬೆಚ್ಚಗಿಡಲು ನೆರವಾಯಿತು.

ಈಗ ನನ್ನ ವಿದ್ಯಾರ್ಥಿಯ ವಿಷಯ. ಹೊಂದಿಕೊಳ್ಳುವ ಕೊಳವೆಗಳ ಗೋಡೆಯ ಮೂಲಕವೇ ನೀರು ತಿಂಗಳುಗಟ್ಟಲೆಯಲ್ಲಿ ಅಲ್ಪಸ್ವಲ್ಪ ಆವಿಯಾಗಿ ಹೋಗುವುದುಂಟು, ಅದು ದೋಷವಲ್ಲ. ಆದರೆ ವಾರವಾರವೂ ಮಟ್ಟ ಇಳಿದರೆ ಅದು ಸೋರಿಕೆಯೇ. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹಾಯಿಸುತ್ತದೆಂಬ ಧೈರ್ಯವೂ ಸಲ್ಲದು, ಏಕೆಂದರೆ ಲೋಹಗಳ ನಡುವೆ ಸುತ್ತುತ್ತ ಅದು ಲವಣಗಳನ್ನು ಕರಗಿಸಿಕೊಳ್ಳುತ್ತದೆ. ನಾನು ಹೇಳಿದ್ದು ಇಷ್ಟೇ: "ತುಂಬಿಸಬೇಡ, ಹುಡುಕು. ಸೈಕಲ್ ಅಂಗಡಿಯವನು ಪಂಕ್ಚರ್ ಹುಡುಕುವಷ್ಟು ತಾಳ್ಮೆಯಿಂದ ಹುಡುಕು."

ಅವನು ಹಾಗೆಯೇ ಮಾಡಿದ. ಯಂತ್ರದ ವಿದ್ಯುತ್ತನ್ನು ಕಡಿದು, ಪಂಪನ್ನು ಮಾತ್ರ ಪ್ರತ್ಯೇಕವಾಗಿ ಓಡಿಸಿ, ಒಂದೊಂದು ಸಂದಿಗೂ ಒಣ ಟಿಶ್ಯೂ ಕಾಗದವನ್ನು ಸುತ್ತಿ ಒಂದು ರಾತ್ರಿ ಬಿಟ್ಟ. ಬೆಳಿಗ್ಗೆ ಒಂದೇ ಒಂದು ಕಾಗದದ ಅಂಚು ಸಾಸಿವೆ ಕಾಳಿನಷ್ಟು ಒದ್ದೆಯಾಗಿತ್ತು. ಅಲ್ಲಿನ ರಬ್ಬರ್ ಓ-ರಿಂಗ್, ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ, ಗಟ್ಟಿಯಾಗಿ ಚಪ್ಪಟೆಯಾಗಿತ್ತು. ನೀರನ್ನು ಪೂರ್ತಿ ಬಸಿದು, ಹೊಸ ರಿಂಗನ್ನು ಕೂರಿಸಿ, ನೀರು ತುಂಬುವ ಮೊದಲು ಗಾಳಿಯ ಒತ್ತಡ ಕೊಟ್ಟು ಮಾಪಕದ ಮುಳ್ಳು ಇಳಿಯುವುದೇ ಎಂದು ಕಾದು ನೋಡಿದ. ಇಳಿಯಲಿಲ್ಲ.

ಹೊಸ ರಿಂಗಿನ ಬೆಲೆ ಕೆಲವೇ ರೂಪಾಯಿ. ಸಂದಿಯ ಕೆಳಗಿದ್ದ ಹಲಗೆಯ ಅಂಚಿನಲ್ಲಿ ಮಾತ್ರ ಒಣಗಿದ ನೀರಿನ ಬಿಳಿಯ ಕಲೆಯೊಂದು ಆಗಲೇ ಮೂಡಿತ್ತಂತೆ. "ಇನ್ನೊಂದು ತಿಂಗಳು ತುಂಬಿಸುತ್ತ ಹೋಗಿದ್ದರೆ ಗತಿ ಏನಾಗುತ್ತಿತ್ತೋ ಸರ್" ಎಂದ. ಚಿಪ್ಪೆವಾ ಫಾಲ್ಸಿನವರನ್ನು ಕೇಳಿದ್ದರೆ ಅವರು ಹೇಳುತ್ತಿದ್ದರು ಎಂದೆ. ಇಬ್ಬರೂ ನಕ್ಕೆವು.