ಸರ್ಪಗಂಧದ ಬೇರು, ಗಾಣಗಾಪುರದ ದಾರಿ

ಹುಚ್ಚಿಗೆ ನಮ್ಮ ಸೇಡಂ ಸೀಮೆಯಲ್ಲಿ ಹೆಸರುಗಳು ಬಹಳ. ‘ಗಾಳಿ ಆಗ್ಯದ’, ‘ತಲಿ ಕೆಟ್ಟದ’, ‘ಯಾರೋ ಮಾಡಿಸ್ಯಾರ’ ಎಂಬ ಮಾತುಗಳನ್ನು ಕೇಳುತ್ತಲೇ ನಾನು ಬೆಳೆದೆ. ನಮ್ಮೂರು ಮುಧೋಳ. ಆ ಹೆಸರು ಹೇಳಿದೊಡನೆ ಎಲ್ಲರಿಗೂ ರನ್ನನ ಮುಧೋಳ, ಬೇಟೆನಾಯಿಯ ಮುಧೋಳ ನೆನಪಾಗುತ್ತದೆ. ನಮ್ಮದು ಅದಲ್ಲ, ತೆಲಂಗಾಣದ ಗಡಿಗೆ ಹತ್ತಿರವಿರುವ ಸೇಡಂ ತಾಲ್ಲೂಕಿನ ಮುಧೋಳ. ಮೇಲಿನ ಮೂರು ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಅವುಗಳ ಹಿಂದೆ ಮೂರು ವಿವರಣೆಗಳಿವೆ. ಒಂದು ಹೊರಗಿನಿಂದ ಬಂದು ಸೋಕಿದ ಶಕ್ತಿಯನ್ನು ದೂರುತ್ತದೆ, ಇನ್ನೊಂದು ದೇಹದೊಳಗಿನ ಕೆಡುಕನ್ನು, ಮತ್ತೊಂದು ನೆರೆಯವರ ಹಗೆತನವನ್ನು. ಇವುಗಳಲ್ಲಿ ಯಾವುದನ್ನು ನಂಬುತ್ತೇವೆ ಎಂಬುದರ ಮೇಲೆ ರೋಗಿಯನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದು ನಿಂತಿದೆ.

ಸ್ಕಿಜೋಫ್ರೇನಿಯಾ ಎಂಬ ಹೆಸರು ಹಳೆಯದೇನಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲೂಲರ್ 1908ರಲ್ಲಿ ಅದನ್ನು ಬಳಕೆಗೆ ತಂದ. ಯಾರೂ ಮಾತಾಡದಿದ್ದರೂ ದನಿ ಕೇಳುವುದು, ತನ್ನ ವಿರುದ್ಧ ಸಂಚು ನಡೆದಿದೆ ಎಂಬ ಅಲುಗಾಡದ ನಂಬಿಕೆ, ಮಾತಿನ ಎಳೆ ತಪ್ಪುವುದು, ಜನರಿಂದ ದೂರ ಸರಿದು ಮೌನವಾಗುವುದು ಇದರ ಲಕ್ಷಣಗಳು. ಹಳೆಯ ವೈದ್ಯಗ್ರಂಥಗಳಲ್ಲಿ ಈ ಹೆಸರು ಸಿಗುವುದಿಲ್ಲ. ಈ ಲಕ್ಷಣಗಳು ಬೇರೆ ಬೇರೆ ಹೆಸರಿನಡಿ ಹರಡಿಕೊಂಡು ಸಿಗುತ್ತವೆ. ಆಯುರ್ವೇದದ ‘ಉನ್ಮಾದ’ವೇ ಸ್ಕಿಜೋಫ್ರೇನಿಯಾ ಎಂದು ಬರೆದುಬಿಡುವುದು ಸುಲಭ, ಆದರೆ ಅದು ಸರಿಯಲ್ಲ. ಉನ್ಮಾದ ಇನ್ನೂ ದೊಡ್ಡ ಕಣಜ, ಇಂದಿನ ಹಲವು ಕಾಯಿಲೆಗಳು ಅದರೊಳಗೆ ಕೂಡಿಕೊಂಡಿವೆ.

ಚರಕಸಂಹಿತೆ ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞೆ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ಕದಡುವಿಕೆ ಎಂದು ವಿವರಿಸುತ್ತದೆ. ಇಲ್ಲಿ ಭಕ್ತಿ ಎಂದರೆ ಒಲವು, ಇಷ್ಟ. ನಿನ್ನೆಯವರೆಗೆ ಪ್ರೀತಿಸುತ್ತಿದ್ದುದರ ಮೇಲೆ ಇವತ್ತು ಆಸೆಯೇ ಇಲ್ಲದಿರುವುದೂ ರೋಗಲಕ್ಷಣ ಎಂದು ಗುರುತಿಸಿದ ಕಣ್ಣು ಸಾಮಾನ್ಯದ್ದಲ್ಲ. ವಾತ, ಪಿತ್ತ, ಕಫ, ಮೂರೂ ಕೂಡಿದ ಸನ್ನಿಪಾತ ಮತ್ತು ಹೊರಗಿನಿಂದ ಬರುವ ಆಗಂತು ಎಂದು ಚರಕ ಐದು ಬಗೆ ಮಾಡುತ್ತಾನೆ. ಈ ಆಗಂತುವಿನಲ್ಲಿಯೇ ದೇವ, ಗಂಧರ್ವ, ಪಿಶಾಚಿಗಳು ಬರುತ್ತವೆ. ಆದರೆ ಅದೇ ಗ್ರಂಥ, ತನ್ನ ಕರ್ಮದಿಂದ ತಾನೇ ನೋಯದವನನ್ನು ದೇವತೆಗಳಾಗಲಿ ಪಿಶಾಚಿಗಳಾಗಲಿ ನೋಯಿಸುವುದಿಲ್ಲ, ಅವುಗಳನ್ನು ದೂರಬೇಡಿ ಎಂದೂ ಹೇಳುತ್ತದೆ. ದೆವ್ವದ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ, ತೆರೆದೂ ಇಡಲಿಲ್ಲ.

ಚಿಕಿತ್ಸೆಯಲ್ಲೂ ಇದೇ ಇಬ್ಬಗೆ ಕಾಣುತ್ತದೆ. ಒಂದು ಕಡೆ ಹಳೆಯ ತುಪ್ಪ, ಕಲ್ಯಾಣಕ ಘೃತ, ಬ್ರಾಹ್ಮಿ, ಶಂಖಪುಷ್ಪಿ, ಬಜೆ, ಸಾಂತ್ವನದ ಮಾತು. ಇನ್ನೊಂದು ಕಡೆ ಕಟ್ಟಿಹಾಕುವುದು, ಹಲ್ಲು ಕಿತ್ತ ಹಾವು ತೋರಿಸಿ ಬೆದರಿಸುವುದು. ಪರಂಪರೆಯನ್ನು ಹೊಗಳುವವರು ಮೊದಲನೆಯದನ್ನಷ್ಟೇ ಹೇಳುತ್ತಾರೆ, ತೆಗಳುವವರು ಎರಡನೆಯದನ್ನಷ್ಟೇ. ಎರಡೂ ಒಂದೇ ಅಧ್ಯಾಯದಲ್ಲಿವೆ.

ಇದೇ ಕಾಯಿಲೆಯನ್ನು ಚೀನಾದ ವೈದ್ಯರು ನೋಡಿದ ರೀತಿಯನ್ನು ಪಕ್ಕಕ್ಕಿಟ್ಟರೆ ಹೋಲಿಕೆ ಬೆರಗು ಹುಟ್ಟಿಸುತ್ತದೆ. ‘ಹುವಾಂಗ್‌ದಿ ನೈಜಿಂಗ್’ ಎಂಬ ಪ್ರಾಚೀನ ಗ್ರಂಥದಲ್ಲಿ ‘ದಿಯೆನ್’ ಮತ್ತು ‘ಕುವಾಂಗ್’ ಎಂಬ ಜೋಡಿ ರೋಗಗಳಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ಮುಂದಿನ ವೈದ್ಯರು ಮಂಕಾಗಿ ಮೂಲೆ ಸೇರುವ ಹುಚ್ಚನ್ನು ದಿಯೆನ್ ಎಂದೂ ಕೂಗಾಡಿ ಓಡುವ ಹುಚ್ಚನ್ನು ಕುವಾಂಗ್ ಎಂದೂ ಕರೆದರು. ಯಿನ್ ಹೆಚ್ಚಾದರೆ ಮೊದಲನೆಯದು, ಯಾಂಗ್ ಹೆಚ್ಚಾದರೆ ಎರಡನೆಯದು. ಕಫ ಹೃದಯದ ದ್ವಾರಗಳನ್ನು ಮಂಜಿನಂತೆ ಮುಸುಕುತ್ತದೆ ಎಂಬ ವಿವರಣೆಯೂ ಬಲವಾಗಿ ಬೆಳೆಯಿತು. ನಮ್ಮಲ್ಲಿ ಕಫಜ ಉನ್ಮಾದದವನು ಮೌನಿ, ಏಕಾಂತಪ್ರಿಯ. ಪಿತ್ತಜನು ಕೋಪಿ, ಆಕ್ರಮಣಕಾರಿ. ಚೀನಾದಲ್ಲೂ ದೆವ್ವ ಪೂರ್ತಿ ಹೊರಗೆ ಹೋಗಲಿಲ್ಲ. ಏಳನೆಯ ಶತಮಾನದ ಸುನ್ ಸಿಮಿಯಾವೊ ಹುಚ್ಚಿಗೆ ಸೂಜಿ ಚುಚ್ಚಲು ಹೇಳಿದ 13 ಬಿಂದುಗಳಿಗೆ ‘ದೆವ್ವದ ಬಿಂದು’ಗಳೆಂದೇ ಹೆಸರು. 1830ರಲ್ಲಿ ವಾಂಗ್ ಚಿಂಗ್‌ರೆನ್ ಎಂಬ ವೈದ್ಯ, ಹುಚ್ಚು ಮೆದುಳಿಗೆ ಸಂಬಂಧಿಸಿದ್ದು, ರಕ್ತ ಕಟ್ಟಿಕೊಂಡು ಅದರ ದಾರಿ ಮುಚ್ಚುತ್ತದೆ ಎಂದು ಬರೆದು ಅದಕ್ಕೊಂದು ಕಷಾಯವನ್ನೂ ಸೂಚಿಸಿದ.

ನಮ್ಮ ತಾಲ್ಲೂಕಿಗೂ ವೈದ್ಯಚರಿತ್ರೆಯಲ್ಲಿ ಒಂದು ಜಾಗವಿದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ಗ್ರಂಥ ಬರೆದ. ಮದ್ಯ, ಮಾಂಸ, ಜೇನು ಬಿಟ್ಟು ಔಷಧಿ ಮಾಡಬಹುದೆಂಬುದು ಅವನ ಪಟ್ಟು. ಮಾಂಸ ಔಷಧವಲ್ಲವೆಂದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ವಾದಿಸಿದ್ದನ್ನು ಗ್ರಂಥದ ಕೊನೆಯ ಹಿತಾಹಿತ ಭಾಗ ಹೇಳುತ್ತದೆ. ವೈದ್ಯವೆಂದರೆ ಬದಲಾಗದ ಮಂತ್ರವಲ್ಲ, ಸಭೆಯಲ್ಲಿ ವಾದಕ್ಕೆ ಒಡ್ಡಬೇಕಾದ ವಿಷಯ ಎಂದು ಆ ಕಾಲಕ್ಕೇ ತಿಳಿದಿತ್ತು.

ಮುಂದೆ ಈ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತು. 1948ರ ಸೆಪ್ಟೆಂಬರ್ 17ರವರೆಗೆ ನಾವು ಅಲ್ಲಿಯವರೇ. ಹಾಗಾಗಿ ಪಂಡಿತರ ಪಕ್ಕದಲ್ಲಿ ಹಕೀಮರೂ ಇದ್ದರು. ಯುನಾನಿಯಲ್ಲಿ ಮನೋರೋಗಕ್ಕೆ ‘ಮಾಲಿಖೂಲಿಯಾ’, ‘ಜುನೂನ್’ ಎಂಬ ಹೆಸರುಗಳು. ಕಾರಣ ‘ಸೌದಾ’, ಅಂದರೆ ಕಪ್ಪು ಪಿತ್ತ. ಗ್ರೀಸಿನಲ್ಲಿ ಹುಟ್ಟಿ ಅರಬ್ಬೀಯಲ್ಲಿ ಬೆಳೆದು ಬಂದ ಈ ವಿವರಣೆಯೂ ದೋಷ ದೇಹದಲ್ಲಿದೆ ಎನ್ನುತ್ತದೆ. ಚರಕ, ಚೀನೀ ವೈದ್ಯ, ಹಕೀಮ ಮೂವರೂ ಈ ಒಂದು ಮಾತಿಗೆ ಒಪ್ಪಿದ್ದರು.

ಈ ಪರಂಪರೆ ಜಗತ್ತಿಗೆ ಕೊಟ್ಟ ದೊಡ್ಡ ಕಾಣಿಕೆ ಸರ್ಪಗಂಧದ ಬೇರು. ಯುನಾನಿಯಲ್ಲಿ ಇದು ‘ಅಸ್ರೋಲ್’, ಉತ್ತರದ ಹಳ್ಳಿಗಳಲ್ಲಿ ‘ಪಾಗಲ್ ಕಿ ದವಾ’. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಹುಚ್ಚಿಗೂ ರಕ್ತದೊತ್ತಡಕ್ಕೂ ಇದು ಮದ್ದೆಂದು ವೈದ್ಯಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ಸತ್ವ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸೀಬಾ ಕಂಪನಿಯವರು ರೆಸರ್ಪಿನ್ ತೆಗೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟ ಫಲವನ್ನು ವರದಿ ಮಾಡಿದರು. ಕ್ಲೋರ್‌ಪ್ರೊಮಜಿನ್ ಜೊತೆಗೆ ಆಸ್ಪತ್ರೆಗಳ ಬೀಗ ಸಡಿಲಿಸಿದ ಔಷಧ ಅದು. ಮೆದುಳಿನ ಡೋಪಮಿನ್, ಸೆರೊಟೋನಿನ್‌ಗಳನ್ನು ರೆಸರ್ಪಿನ್ ಬರಿದು ಮಾಡುತ್ತದೆ ಎಂದು ತಿಳಿದದ್ದರಿಂದ ಈ ರೋಗದ ಮೆದುಳಿನ ರಸಾಯನವೂ ಅರ್ಥವಾಗತೊಡಗಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಹೆಮ್ಮೆ ಪಟ್ಟು ಸುಮ್ಮನಿರಬಹುದಿತ್ತು. ರೆಸರ್ಪಿನ್ ರಕ್ತದೊತ್ತಡವನ್ನು ವಿಪರೀತ ಇಳಿಸುತ್ತಿತ್ತು. ಅದನ್ನು ಸೇವಿಸಿದವರಲ್ಲಿ ಖಿನ್ನತೆಯ ವರದಿಗಳೂ ಬಂದವು. ಉತ್ತಮ ಮದ್ದುಗಳು ಬಂದಮೇಲೆ ವೈದ್ಯರು ಅದನ್ನು ಬದಿಗಿಟ್ಟರು. ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಆಯುರ್ವೇದ ಸಂಶೋಧನಾ ಘಟಕವೂ ಇತ್ತು. ಬ್ರಾಹ್ಮ್ಯಾದಿಯೋಗವನ್ನು ಅಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಇಂಥ ಪ್ರಯೋಗಗಳು ಚಿಕ್ಕವು, ಆಧುನಿಕ ಔಷಧವನ್ನು ಬಿಡಿ ಎನ್ನುವಷ್ಟು ಪುರಾವೆ ಅವುಗಳಿಂದ ಸಿಕ್ಕಿಲ್ಲ. ಚೀನೀ ಕಷಾಯಗಳದ್ದೂ ಇದೇ ಸ್ಥಿತಿ. ಆಧುನಿಕ ಮಾತ್ರೆಯ ಜೊತೆಗೆ ಕೊಟ್ಟಾಗ ಸ್ವಲ್ಪ ನೆರವಾಗಬಹುದೆಂಬ ಸೂಚನೆಯಿದೆ, ಅದರ ಬದಲಿಗೆ ಕೊಡಬಹುದೆಂಬ ಪುರಾವೆಯಿಲ್ಲ.

ಇನ್ನು ಮೂರನೆಯ ದಾರಿ. ನಮ್ಮದೇ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ-ಅಮರ್ಜಾ ಸಂಗಮದಲ್ಲಿ ಗಾಣಗಾಪುರವಿದೆ. ಆರತಿಯ ಹೊತ್ತಿಗೆ ‘ಗಾಳಿ ಆದವರು’ ಕಂಬ ಹತ್ತಿ ಕೂಗುವುದನ್ನು ಕಂಡವರು ಮರೆಯುವುದಿಲ್ಲ. ಅಲ್ಲಿಗೆ ಹೋಗುವವರನ್ನು ಮೂಢರೆಂದು ನಗುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಅಳೆದು ನೋಡಿ 2002ರಲ್ಲಿ ವರದಿ ಬರೆದರು. ಸರಾಸರಿ ಆರು ವಾರದಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ವಿಧಿಯೇನೂ ಇರಲಿಲ್ಲ. ನೆಮ್ಮದಿಯ ಜಾಗ, ಸಣ್ಣಪುಟ್ಟ ಕೆಲಸ, ಜೊತೆಗಿದ್ದ ಮನೆಯವರು, ಹುಚ್ಚನೆಂದು ಹೀಯಾಳಿಸದ ಜನ ಇದ್ದರು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಯ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಓಡಲಾರದೆ ಸತ್ತರು. ನಂಬಿಕೆಯ ನೆರಳಿನಲ್ಲಿ ಎರಡೂ ನಡೆದಿವೆ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ನಮ್ಮ ಹಿರಿಯರ ವೈದ್ಯದಲ್ಲಿ ದೊಡ್ಡದು ಯಾವುದೋ ಒಂದು ಕಷಾಯವಲ್ಲ. ಹುಚ್ಚು ಪಾಪವಲ್ಲ, ರೋಗ ಎಂಬ ಅರಿವು ದೊಡ್ಡದು, ಆ ಅರಿವನ್ನು ವಾದಕ್ಕೆ ಒಡ್ಡುವ ಧೈರ್ಯ ಇನ್ನೂ ದೊಡ್ಡದು. ಸರ್ಪಗಂಧವನ್ನು ಪರೀಕ್ಷಿಸಿ ಒಪ್ಪಿದವರೂ ಪರೀಕ್ಷಿಸಿ ಬಿಟ್ಟವರೂ ಆ ಪರಂಪರೆಗೇ ಸೇರಿದವರು. ಹದಿನೆಂಟು-ಇಪ್ಪತ್ತರ ಹುಡುಗನಿಗೆ ಗೋಡೆಯೊಳಗಿನ ದನಿ ಕೇಳತೊಡಗಿದಾಗ ಕಳೆದುಹೋಗುವ ತಿಂಗಳುಗಳು ಬಹಳ ದುಬಾರಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಇಂಥವರಿಗೆ ಮಾತ್ರೆ ಕೊಡಬಲ್ಲರು ಎಂದು ನಿಮ್ಹಾನ್ಸ್ ತೋರಿಸಿಕೊಟ್ಟಿತು. ಅದೇ ಮಾದರಿ 1996ರಿಂದ ದೇಶದ ಜಿಲ್ಲೆಗಳಿಗೆ ಹರಡಿತು. ಈಗ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಗಾಣಗಾಪುರಕ್ಕೆ ಹೋಗುವವರು ಹೋಗಲಿ, ಮಾತ್ರೆಯ ಚೀಟಿಯೂ ಜೊತೆಗಿರಲಿ. ಸರಪಳಿ ಮಾತ್ರ ಯಾವ ದಾರಿಯಲ್ಲೂ ಬೇಡ.