ಮ್ಯೂ ಹೋಗಿ ಎಂ ಆದಾಗ

ಹೋದ ಸಲ ಊರಿಗೆ ಹೋದಾಗ ಅಮ್ಮ ಆಸ್ಪತ್ರೆ ಚೀಟಿಯೊಂದನ್ನು ಕೈಗಿಟ್ಟು, "ಇದ್ನೊಂಚೂರು ನೋಡಪ್ಪ, ಮೆಡಿಕಲ್ ಸ್ಟೋರಿನೋನು ತಪ್ಪು ಬರ್ದವ್ರೆ ಅಂತಾನೆ" ಅಂದಳು. ಥೈರಾಯ್ಡ್ ಮಾತ್ರೆ. ಕಂಪ್ಯೂಟರಿನಲ್ಲಿ ಅಚ್ಚಾದ ನೀಟಾದ ಚೀಟಿ. ಅದರಲ್ಲಿ 50 ಮಿಲಿಗ್ರಾಂ ಅಂತಿತ್ತು. ಇರಬೇಕಾದದ್ದು 50 ಮೈಕ್ರೋಗ್ರಾಂ, ಅಂದರೆ 0.05 ಮಿಲಿಗ್ರಾಂ. ಚೀಟಿಯನ್ನು ಇದ್ದಂತೇ ನಂಬಿದರೆ ಒಂದು ಮಾತ್ರೆಯ ಜಾಗದಲ್ಲಿ ಸಾವಿರ ಮಾತ್ರೆ ನುಂಗಬೇಕು! ಅಷ್ಟು ದೊಡ್ಡ ಅಳತೆಯ ಮಾತ್ರೆ ಅಂಗಡಿಯಲ್ಲೇ ಇಲ್ಲದ್ದರಿಂದ ಆತ ತಪ್ಪು ಹಿಡಿದ. ಎಲ್ಲ ಔಷಧಿಗೂ ಈ ಅದೃಷ್ಟ ಇರಲ್ಲ.

ನಮ್ಮಜ್ಜಿಯ ಲೆಕ್ಕ ಸೇರು, ಪಾವು, ಚಟಾಕಿನದು. ಎಲ್ಲ ನಾಲ್ಕು ನಾಲ್ಕು ಪಾಲು. ಪಾವು ಅನ್ನೋ ಕಡೆ ಸೇರು ಅಂದುಬಿಟ್ಟರೆ ನಾಲ್ಕು ಪಟ್ಟು ತಪ್ಪು, ಅಕ್ಕಿ ರಾಶಿ ನೋಡಿದರೇ ಗೊತ್ತಾಗುತ್ತೆ. ಮಿಲಿ, ಮೈಕ್ರೋ, ನ್ಯಾನೋಗಳಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಸಾವಿರ ಪಟ್ಟು. ಕಣ್ಣಿಗಂತೂ ಕಾಣಲ್ಲ.

ಈ ಮೆಟ್ಟಿಲುಗಳನ್ನು ಯಾರೋ ಒಬ್ಬರು ಕೂತು ಒಂದೇ ದಿನ ಕಟ್ಟಿದ್ದಲ್ಲ. 1795ರಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ ಮೆಟ್ರಿಕ್ ಕಾನೂನು ತಂದಾಗ ಕೆಳಗಿನ ಕಡೆ ಇದ್ದದ್ದು ಡೆಸಿ, ಸೆಂಟಿ, ಮಿಲಿ ಮಾತ್ರ. ದೊಡ್ಡದಕ್ಕೆ ಗ್ರೀಕ್ ಹೆಸರು, ಚಿಕ್ಕದಕ್ಕೆ ಲ್ಯಾಟಿನ್ ಹೆಸರು ಅನ್ನೋದು ಅವರ ನಿಯಮ. ಬಟ್ಟೆ, ಧಾನ್ಯ, ಜಮೀನು ಅಳೆಯೋರಿಗೆ ಮಿಲಿ ಧಾರಾಳವಾಗಿ ಸಾಕಿತ್ತು. ಟೆಲಿಗ್ರಾಫು, ವಿದ್ಯುತ್ತು ಬಂದಮೇಲೆ ಸಾಲದೇ ಹೋಯ್ತು. 1873ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿ (ಮ್ಯಾಕ್ಸ್‌ವೆಲ್, ಥಾಮ್ಸನ್ ಇದ್ದ ಸಮಿತಿ) ಹತ್ತು ಲಕ್ಷ ಪಟ್ಟಿಗೆ ಮೆಗಾ, ಹತ್ತು ಲಕ್ಷದಲ್ಲೊಂದು ಪಾಲಿಗೆ ಮೈಕ್ರೋ ಅಂತ ಸೇರಿಸಿತು. ಮೈಕ್ರೋ ಗ್ರೀಕ್ ಪದ. ಫ್ರೆಂಚರ ನಿಯಮ ಅಲ್ಲಿಗೇ ಮುರಿಯಿತು.

ನಮ್ಮ ಚೀಟಿಯ ಕಥೆ ಶುರುವಾಗೋದೂ ಇಲ್ಲೇ. ಚಿಕ್ಕ ಎಂ ಅಕ್ಷರ ಆಗಲೇ ಮೀಟರಿಗೂ ಮಿಲಿಗೂ ಹೋಗಿತ್ತು, ದೊಡ್ಡ ಎಂ ಮೆಗಾದ ಪಾಲಾಯ್ತು. ಮೈಕ್ರೋಗೆ ಉಳಿದದ್ದು ಗ್ರೀಕಿನ ಮ್ಯೂ. ಇವತ್ತಿಗೂ ಇಡೀ ಪಟ್ಟಿಯಲ್ಲಿ ಲ್ಯಾಟಿನ್ ಅಲ್ಲದ ಸಂಕೇತ ಅದೊಂದೇ. ಟೈಪ್‌ರೈಟರಿನಲ್ಲಿ ಆ ಕೀಲಿ ಎಲ್ಲಿರಬೇಕು? ಕೆಲವರು ಇಂಗ್ಲಿಷಿನ ಯು ಬರೆದರು. ಹಳೇ ರೇಡಿಯೋ ಬಿಚ್ಚಿದವರು ನೋಡಿರುತ್ತೀರಿ, ಕೆಪಾಸಿಟರ್ ಮೇಲೆ ಎಂಎಂಎಫ್ ಅಂತಿರುತ್ತೆ. ಅದು ಮಿಲಿ ಅಲ್ಲ, ಮೆಗಾನೂ ಅಲ್ಲ, ಮೈಕ್ರೋ-ಮೈಕ್ರೋ-ಫ್ಯಾರಡ್! ಮೈಕ್ರೋಗಿಂತ ಕೆಳಗೆ ಹೆಸರೇ ಇಲ್ಲದ್ದರಿಂದ ಎರಡು ಸಲ ಹೇಳ್ತಿದ್ದರು. 1960ರಲ್ಲಿ ಪ್ಯಾರಿಸ್ಸಿನ ಅಳತೆ-ತೂಕಗಳ ಮಹಾಸಮ್ಮೇಳನ ನ್ಯಾನೋ, ಪಿಕೋಗಳನ್ನು ಅಂತರರಾಷ್ಟ್ರೀಯ ಪದ್ಧತಿಗೆ ಸೇರಿಸಿಕೊಂಡ ಮೇಲೆ ಅದು ಪಿಕೋಫ್ಯಾರಡ್. ನ್ಯಾನೋ ಅಂದರೆ ಗ್ರೀಕಿನಲ್ಲಿ ಕುಳ್ಳ.

ಆಮೇಲಿನದು ಬೇಗ ಹೇಳಿಬಿಡ್ತೀನಿ. 1964ರಲ್ಲಿ ಫೆಮ್ಟೋ, ಅಟ್ಟೋ ಬಂದವು. ಡ್ಯಾನಿಶ್ ಭಾಷೆಯಲ್ಲಿ ಫೆಮ್ಟೆನ್ ಅಂದರೆ ಹದಿನೈದು, ಅಟೆನ್ ಅಂದರೆ ಹದಿನೆಂಟು, ಅಷ್ಟನೇ ದಶಮಾಂಶ ಸ್ಥಾನ ಅಂತ. 1991ರಲ್ಲಿ ಝೆಪ್ಟೋ, ಯೋಕ್ಟೋ. 2022ರಲ್ಲಿ ರೊಂಟೋ, ಕ್ವೆಕ್ಟೋ. ಆ ಹೊತ್ತಿಗೆ ಬಳಸದೇ ಉಳಿದಿದ್ದ ಇಂಗ್ಲಿಷ್ ಅಕ್ಷರಗಳಿಗೇ ಬರ ಬಂದಿತ್ತು.

ಇಷ್ಟರ ನಡುವೆ ಇನ್ನೊಂದು ಹಳ್ಳ ಇದೆ. ತೂಕದ ಮೂಲಮಾನ ಗ್ರಾಂ ಅಲ್ಲ, ಕಿಲೋಗ್ರಾಂ. ಅದರ ಹೆಸರಲ್ಲೇ ಸಾವಿರ ಕೂತಿದೆ. ಎಲೆಕ್ಟ್ರಾನಿನ ತೂಕ ಕಿಲೋಗ್ರಾಮಿನಲ್ಲಿ ಬರೆದರೆ ದಶಾಂಶ ಬಿಂದು ಆದಮೇಲೆ 31ನೇ ಸ್ಥಾನದಲ್ಲಿ ಮೊದಲ ಅಂಕಿ ಸಿಗುತ್ತೆ, ಗ್ರಾಮಿಗೆ ತಂದರೆ 28ನೇ ಸ್ಥಾನದಲ್ಲಿ. ಹಾಗೆ ಗ್ರಾಮಿಗೆ ತಂದಮೇಲೆಯೇ ಹೆಸರು ಹಚ್ಚಬೇಕು: ಸುಮಾರು 0.91 ರೊಂಟೋಗ್ರಾಂ. ಮೈಕ್ರೋಕಿಲೋಗ್ರಾಂ ಅನ್ನೋ ಹಾಗಿಲ್ಲ, ಅದು ಮಿಲಿಗ್ರಾಮೇ.

ಮತ್ತೆ ಮ್ಯೂಗೆ ಬರ್ತೀನಿ. ಕಂಪ್ಯೂಟರ್ ಬಂದಮೇಲಾದರೂ ಅದರ ಗ್ರಹಚಾರ ಬಿಡಬೇಕಿತ್ತಲ್ಲ? ಸಿಂಬಲ್ ಅನ್ನೋ ಫಾಂಟಿನಲ್ಲಿ ಎಂ ಕೀಲಿ ಒತ್ತಿದರೆ ತೆರೆ ಮೇಲೆ ಮ್ಯೂ ಕಾಣುತ್ತೆ. ಒಳಗೆ ಉಳಿಯೋದು ಎಂ. ಬಿಇ ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾನು ಹಾಗೇ ಹೊಡೆದಿದ್ದೆ. ಝೆರಾಕ್ಸ್ ಅಂಗಡಿಯವನು ಇಡೀ ಫೈಲಿನ ಫಾಂಟ್ ಬದಲಿಸಿದ, ನನ್ನ ಮೈಕ್ರೋಫ್ಯಾರಡ್‌ಗಳೆಲ್ಲ ಮಿಲಿಫ್ಯಾರಡ್ ಆಗಿ ಬೈಂಡ್ ಆಗಿ ಬಂದವು. ಅವತ್ತು ನಕ್ಕಿದ್ದೆವು. ಯೂನಿಕೋಡ್ ಬಂದಮೇಲೂ ಎರಡು ಮ್ಯೂ ಇವೆ, ಮೈಕ್ರೋ ಚಿಹ್ನೆಯದೊಂದು, ಗ್ರೀಕ್ ಅಕ್ಷರದ್ದೊಂದು. ನೋಡೋಕೆ ಒಂದೇ ಥರ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಔಷಧ ಸುರಕ್ಷತೆಯವರು ಮ್ಯೂ ಬೇಡವೇ ಬೇಡ, ಎಂಸಿಜಿ ಅಂತಲೋ ಪೂರ್ತಿ ಹೆಸರೋ ಬರೆಯಿರಿ ಅನ್ನೋದು ಇದಕ್ಕೇ.

ಅಮ್ಮನ ಚೀಟಿಯಲ್ಲಿ ಏನಾಗಿತ್ತೋ, ಫಾಂಟೋ, ಟೈಪ್ ಮಾಡಿದವರ ಕೈಯೋ. ಮಾರನೇ ದಿನ ಡಾಕ್ಟರ ಹತ್ತಿರ ಹೋಗಿ ತಿದ್ದಿಸಿಕೊಂಡು ಬಂದೆ. ಮಾತ್ರೆ ಡಬ್ಬಿ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ "50 ಮೈಕ್ರೋಗ್ರಾಂ" ಅಂತ ಬರೆದು ಅಂಟಿಸಿದೆ. ಅಮ್ಮ ನೋಡಿ, "ದಿನಕ್ಕೊಂದು ತಾನೇ? ಅದುನ್ನ ಬರಿ ಮೊದ್ಲು" ಅಂದಳು. ಅದನ್ನೂ ಬರೆದೆ.